ಮೆಚ್ಚಬೇಕೆಂದರೂ ಮೆಚ್ಚಲಾಗದ ಆಟಗಳು

ಸಂಗೀತ ಕಚೇರಿಯಲ್ಲಿ ಪಕ್ಕದವರು ತಲೆದೂಗುತ್ತಿರುವಾಗ ತಾವೂ ತಲೆದೂಗಿ, ಒಳಗೊಳಗೇ ಗಡಿಯಾರವನ್ನು ನೆನೆಯುವವರು ನಮ್ಮಲ್ಲಿ ಕಡಮೆಯಿಲ್ಲ. ಅವರಿಗೆ ಸಂಗೀತದ ಮೇಲೆ ಹಗೆಯಿಲ್ಲ. ಮೆಚ್ಚಬೇಕೆಂಬ ಆಸೆಯೂ ಉಂಟು. ಊರೇ ಕೊಂಡಾಡುವ ಹಾಡಿಕೆ ತಮ್ಮ ಕಿವಿಯನ್ನು ದಾಟಿ ಒಳಗಿಳಿಯಲಿಲ್ಲವಲ್ಲ ಎಂಬ ಕೊರಗು ಮಾತ್ರ ಅವರದು. ಈ ಕೊರಗನ್ನು ಬಾಯಿಬಿಟ್ಟು ಹೇಳುವವರು ವಿರಳ. ಹೇಳಿದರೆ ಅರಸಿಕನೆಂದಾರು ಎಂಬ ಅಂಜಿಕೆ.

ನನ್ನ ಕೊರಗು ಸಂಗೀತಕ್ಕೆ ಸಂಬಂಧಿಸಿದುದಲ್ಲ, ವಿಡಿಯೋ ಗೇಮುಗಳಿಗೆ ಸಂಬಂಧಿಸಿದುದು. ಮೂವತ್ತು ವರ್ಷ ಮೇಷ್ಟರ ಕೆಲಸ ಮಾಡಿ ನಿವೃತ್ತನಾದವನಿಗೆ ಈ ಚಿಂತೆ ಏತಕ್ಕೆ ಎಂದು ತಾವು ಕೇಳಬಹುದು. ಕಾರಣ ಹೇಳುತ್ತೇನೆ.

ಕಳೆದ ಬೇಸಗೆ ರಜೆಯಲ್ಲಿ ಮಗಳ ಮಗ ಹದಿನೈದು ದಿನ ನಮ್ಮ ಮನೆಯಲ್ಲಿದ್ದ. ಹನ್ನೊಂದು ವರ್ಷದ ಹುಡುಗ. ಬಂದ ಮರುದಿನವೇ ‘ಮೈನ್‌ಕ್ರಾಫ್ಟ್’ ಎಂಬ ತನ್ನ ಆಟವನ್ನು ಟಿ.ವಿ.ಗೆ ಜೋಡಿಸಿ, ಕಂಟ್ರೋಲರನ್ನು ನನ್ನ ಕೈಗಿತ್ತು, “ತಾತ, ನಾನು ಕಟ್ಟಿರೋ ಊರು ನೋಡು, ನೀನೇ ನಡ್ಕೊಂಡು ಬಾ” ಎಂದ. ನಡೆದೆ. ಕೆರೆ, ಕೋಟೆ, ಕುರಿಗಳ ದೊಡ್ಡಿ, ಎಲ್ಲವೂ ಚೌಕ ಚೌಕದ ಇಟ್ಟಿಗೆಗಳಲ್ಲಿ ಕಟ್ಟಿದ್ದು. ಹತ್ತನೆಯ ನಿಮಿಷಕ್ಕೆ ಹಣೆಯಲ್ಲಿ ಬೆವರು ಮೂಡಿತು. ಹದಿನೈದನೆಯ ನಿಮಿಷಕ್ಕೆ ಹೊಟ್ಟೆ ತೊಳಸಿತು. ಕಂಟ್ರೋಲರನ್ನು ಕೆಳಗಿಟ್ಟು ಹಿತ್ತಿಲಿಗೆ ಹೋಗಿ ಕುಳಿತೆ. ಹುಡುಗ ಹಿಂದೆಯೇ ಬಂದು, “ಬೋರಾಯ್ತಾ ತಾತ?” ಎಂದು ಕೇಳಿದ. ಇಲ್ಲವೆಂದೆ. ಅವನು ನಂಬಲಿಲ್ಲ. ಮೂರು ದಿನ ಆಟದ ಮಾತನ್ನೇ ಎತ್ತಲಿಲ್ಲ.

ಸ್ವೀಡನ್ ದೇಶದಲ್ಲಿ ಹುಟ್ಟಿ 2011ರಲ್ಲಿ ಪೂರ್ಣ ರೂಪದಲ್ಲಿ ಹೊರಬಂದ ಈ ಆಟದ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆಯೆಂದು ಅದರ ತಯಾರಕರು 2023ರಲ್ಲಿ ಸಾರಿದರು. ಅಷ್ಟು ಮಂದಿಗೆ ಒಗ್ಗಿದ್ದು ನನಗೆ ಒಗ್ಗಲಿಲ್ಲವೆಂದರೆ ದೋಷವೆಲ್ಲಿದೆ? ಆಟದಲ್ಲೆ, ನನ್ನಲ್ಲೆ? ಆ ಮೂರು ದಿನಗಳಲ್ಲಿ ಈ ಪ್ರಶ್ನೆಯನ್ನು ಹಿಡಿದು ಒಂದಷ್ಟು ಓದಿದೆ, ಆಮೇಲೆಯೂ ಓದಿದೆ. ಆಗ ತಿಳಿದುಬಂದದ್ದು ಇದು: “ನನಗೆ ಈ ಆಟ ಹಿಡಿಸಲಿಲ್ಲ” ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಐದು ಕಾರಣಗಳು ಅಡಗಿರಬಹುದು. ಅವುಗಳಲ್ಲಿ ಮೂರಕ್ಕೆ ಮದ್ದುಂಟು, ಒಂದಕ್ಕೆ ಕಾಯಬೇಕು, ಒಂದನ್ನು ಒಪ್ಪಿಕೊಳ್ಳಬೇಕು. ಯಾವುದು ಯಾವುದೆಂದು ಅರಿಯದೆ ಇರುವುದರಿಂದಲೇ ಕೊರಗು.

ಮೊದಲನೆಯದು ದೇಹ. ನಮ್ಮ ಒಳಕಿವಿಯಲ್ಲಿ ಅರ್ಧವೃತ್ತಾಕಾರದ ಮೂರು ಸಣ್ಣ ನಾಳಗಳಿವೆ. ಅವುಗಳಲ್ಲಿ ದ್ರವವಿದೆ. ತಲೆ ತಿರುಗಿದಾಗ ಆ ದ್ರವದ ಚಲನೆಯಿಂದ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಕಣ್ಣೂ ತನ್ನ ಸುದ್ದಿಯನ್ನು ಕಳುಹಿಸುತ್ತದೆ. ಎರಡೂ ಒಂದೇ ಮಾತನ್ನಾಡಿದರೆ ಸರಿ. ಆಗುಂಬೆ ಘಾಟಿಯಲ್ಲಿ ಬಸ್ಸು ತಿರುವು ತಿರುವಾಗಿ ಇಳಿಯುತ್ತಿರುವಾಗ ಪುಸ್ತಕ ಓದಲು ಹೋಗಿ ನೋಡಿ. ಕಿವಿ “ತಿರುಗುತ್ತಿದ್ದೇವೆ” ಎನ್ನುತ್ತದೆ. ಪುಟದ ಮೇಲೆ ನಟ್ಟ ಕಣ್ಣು “ಇಲ್ಲ, ನಿಂತಿದ್ದೇವೆ” ಎನ್ನುತ್ತದೆ. ಈ ಜಗಳದ ದಂಡವನ್ನು ತೆರುವುದು ಹೊಟ್ಟೆ. ಪರದೆಯ ಮುಂದೆ ನಡೆಯುವುದು ಇದೇ ಜಗಳ, ತಿರುಗುಮುರುಗಾಗಿ. ಕಣ್ಣು ಓಡುತ್ತಿದೆ, ಕಿವಿ ಕುರ್ಚಿಯಲ್ಲಿ ಕುಳಿತಿದೆ. ರೀಸನ್ ಮತ್ತು ಬ್ರಾಂಡ್ ಎಂಬ ಇಬ್ಬರು 1975ರ ತಮ್ಮ ಗ್ರಂಥದಲ್ಲಿ ಈ ವಿವರಣೆಯನ್ನು ವಿಸ್ತಾರವಾಗಿ ಕೊಟ್ಟರು. ವಾಂತಿಯೇ ಏಕೆ ಬರಬೇಕೆಂಬುದಕ್ಕೆ 1977ರಲ್ಲಿ ಟ್ರೀಸ್ಮನ್ ಎಂಬವರು ಒಂದು ಊಹೆಯನ್ನು ಮುಂದಿಟ್ಟರು. ವಿಷ ತಿಂದಾಗಲೂ ಇಂದ್ರಿಯಗಳು ಹೀಗೆ ಪರಸ್ಪರ ತಪ್ಪಿ ನಡೆಯುತ್ತವೆ. ಆದುದರಿಂದ ಮಿದುಳು ಇದನ್ನೂ ವಿಷವೆಂದೇ ತಿಳಿದು ಹೊಟ್ಟೆಯನ್ನು ಬರಿದು ಮಾಡಿಸಲು ನೋಡುತ್ತದೆ ಎಂದು.

ಎಲ್ಲ ಆಟಗಳಲ್ಲಿಯೂ ಹೀಗಾಗುವುದಿಲ್ಲ. ಆಟದೊಳಗಿನವನ ಕಣ್ಣೇ ನಮ್ಮ ಕಣ್ಣಾಗಿ, ಅವನು ಕಂಡದ್ದನ್ನೇ ನಾವು ಕಾಣುವ ಬಗೆಯ ಆಟಗಳಲ್ಲಿ ಇದು ಹೆಚ್ಚು. 1992ರ ‘ವೂಲ್ಫೆನ್‌ಸ್ಟೈನ್ 3ಡಿ’, 1993ರ ‘ಡೂಮ್’ ಇಂಥವು ಆ ಬಗೆಯನ್ನು ಜನಪ್ರಿಯಗೊಳಿಸಿದುವು. ಅಂದಿನಿಂದಲೇ ತಲೆಸುತ್ತಿನ ದೂರೂ ಉಂಟು. ಮದ್ದು ಸುಲಭವಾದುದು. ನಡೆಯುವಾಗ ದೃಶ್ಯ ಮೇಲಕ್ಕೂ ಕೆಳಕ್ಕೂ ಕುಲುಕುವುದನ್ನು ಬಹಳ ಆಟಗಳಲ್ಲಿ ನಿಲ್ಲಿಸಬಹುದು. ಕೊಳವೆಯೊಳಗಿಂದ ನೋಡಿದಂತಿರುವ ಕಿರಿದಾದ ನೋಟವನ್ನು ಅಗಲ ಮಾಡಿಕೊಳ್ಳಬಹುದು. ಕೆಲವು ಆಟಗಳಲ್ಲಿ ಪಾತ್ರದ ಬೆನ್ನ ಹಿಂದಿನಿಂದ ನೋಡುವ ಏರ್ಪಾಡಿರುತ್ತದೆ. ಕೋಣೆಯ ದೀಪ ಉರಿಯುತ್ತಿರಲಿ, ಕುರ್ಚಿ ಪರದೆಯಿಂದ ಹಿಂದೆ ಸರಿಯಲಿ. ಮೊದಲ ಬೆವರು ಕಂಡೊಡನೆ ಆಟ ನಿಲ್ಲಿಸತಕ್ಕದ್ದು. “ಸಹಿಸಿಕೊಂಡರೆ ಹೋಗುತ್ತದೆ” ಎಂದು ಹಟ ಹಿಡಿದವರಿಗೆ ಅದು ಹೆಚ್ಚುವುದೇ ಹೊರತು ಹೋಗುವುದಿಲ್ಲ.

ಎರಡನೆಯದು ಕೈ. 1972ರಲ್ಲಿ ಅಟಾರಿ ಕಂಪನಿಯವರು ‘ಪಾಂಗ್’ ಎಂಬ ಯಂತ್ರವನ್ನು ಕ್ಯಾಲಿಫೋರ್ನಿಯದ ಸನ್ನಿವೇಲ್ ಎಂಬ ಊರಿನ ಒಂದು ಪಾನಗೃಹದಲ್ಲಿಟ್ಟರು. ಆಡುವವನಿಗೆ ಇದ್ದುದು ತಿರುಗಿಸಲು ಒಂದೇ ಒಂದು ಗುಬ್ಬಿ. ನಾಣ್ಯಗಳು ತುಂಬಿ ಯಂತ್ರವೇ ಕೆಟ್ಟು ನಿಂತಿತೆಂಬ ಕಥೆ ಪ್ರಸಿದ್ಧವಾಗಿದೆ. ಅಟಾರಿಯ ನೋಲನ್ ಬುಷ್ನೆಲ್ ಅವರ ಹೆಸರಿನಲ್ಲಿ ಒಂದು ಸೂತ್ರವೇ ಉಂಟು: ಒಳ್ಳೆಯ ಆಟ ಕಲಿಯಲು ಸುಲಭವಾಗಿರಬೇಕು, ಪಾರಂಗತನಾಗಲು ಕಷ್ಟವಾಗಿರಬೇಕು. ಇಂದಿನ ಕಂಟ್ರೋಲರನ್ನು ಕೈಗೆತ್ತಿಕೊಂಡು ನೋಡಿ. ಎರಡು ಹೆಬ್ಬೆರಳಿಗೆ ಎರಡು ಕಡ್ಡಿಗಳು. ಎಡಗಡೆಯದು ಕಾಲು, ಬಲಗಡೆಯದು ಕತ್ತು. ಜತೆಗೆ ಹದಿನೈದರಷ್ಟು ಗುಂಡಿಗಳು. ಕಾಲನ್ನೂ ಕತ್ತನ್ನೂ ಬೇರೆ ಬೇರೆ ಹೆಬ್ಬೆರಳಿನಿಂದ ಆಡಿಸುತ್ತ, ನಡುವೆ ಕತ್ತಿಯನ್ನೂ ಬೀಸಬೇಕು. ನಾನಂತೂ ಮೊದಲ ದಿನ ಗೋಡೆಯನ್ನು ನೋಡಿಕೊಂಡೇ ಅರ್ಧ ಊರು ಸುತ್ತಿದೆ.

ಇದು ಬುದ್ಧಿಯ ಕೊರತೆಯಲ್ಲ, ಅಕ್ಷರಾಭ್ಯಾಸದ ಕೊರತೆ. ಚಿಕ್ಕಂದಿನಿಂದ ಆಡಿ ಬೆಳೆದವರಿಗೆ ಗುಂಡಿಗಳು ಕಣ್ಣಿಗೇ ಬೀಳುವುದಿಲ್ಲ, ಓದಲು ಬಲ್ಲವನಿಗೆ ಕಾಗುಣಿತ ಬೀಳದ ಹಾಗೆ. ಬಂದೂಕಿನ ಆಟದಲ್ಲಿ ಕೆಂಪು ಪೀಪಾಯಿ ಕಂಡರೆ ಗುಂಡು ಹೊಡೆದಾಗ ಅದು ಸಿಡಿಯುತ್ತದೆಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ. ಹೊಸಬನಿಗೆ ಅದು ಬರಿಯ ಪೀಪಾಯಿ. ಇಂಥ ನೂರು ಸಂಕೇತಗಳು ನಾಲ್ಕೈದು ದಶಕಗಳಲ್ಲಿ ಒಂದರ ಮೇಲೊಂದು ಕೂಡಿಬಂದಿವೆ. ನಡುವಿನ ಪುಟವೊಂದನ್ನು ತೆರೆದು ಓದು ಎಂದರೆ ಯಾರಿಗೆ ರಸ ಹುಟ್ಟೀತು? ಸರಳವಾದ ಆಟಗಳಿಂದ ಮೊದಲು ಮಾಡಿದರೆ ಈ ತೊಡಕು ಕಳೆಯುತ್ತದೆ.

ಕೈ, ಕಣ್ಣುಗಳಲ್ಲಿ ನಿಜವಾದ ಊನವಿರುವವರ ಬಗ್ಗೆಯೂ ಆಟಗಳನ್ನು ಮಾಡುವವರು ಯೋಚಿಸುತ್ತಿದ್ದಾರೆ. ಮೈಕ್ರೋಸಾಫ್ಟ್ 2018ರಲ್ಲಿ ದೊಡ್ಡ ದೊಡ್ಡ ಗುಂಡಿಗಳ, ಬೇಕಾದ ಉಪಕರಣವನ್ನು ಜೋಡಿಸಿಕೊಳ್ಳಬಹುದಾದ ಒಂದು ಕಂಟ್ರೋಲರನ್ನು ಹೊರತಂದಿತು. 2020ರ ‘ದಿ ಲಾಸ್ಟ್ ಆಫ್ ಅಸ್’ ಎರಡನೆಯ ಭಾಗದಲ್ಲಿ ಇಂಥ ಅನುಕೂಲಗಳ ಸಂಖ್ಯೆ 60ಕ್ಕೂ ಮಿಕ್ಕಿತ್ತು. ಕಣ್ಣು ಕಾಣದವರೂ ಸದ್ದಿನ ಸೂಚನೆಗಳನ್ನು ಹಿಡಿದು ಅದನ್ನು ಆಡಿ ಮುಗಿಸಿದ್ದಾರೆ. ಹಾಗಿರುವಲ್ಲಿ ನಮ್ಮಂಥವರು ಮೊದಲ ದಿನವೇ “ನಮಗೆ ಇದು ಬಾರದು” ಎಂದು ಕೈಚೆಲ್ಲುವುದು ನ್ಯಾಯವಲ್ಲ.

ಮೂರನೆಯದು ಕಷ್ಟದ ಅಳತೆ. ಹಂಗೆರಿ ಮೂಲದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಅವರು ಚದುರಂಗದವರು, ಬಂಡೆ ಹತ್ತುವವರು, ನರ್ತಕರು, ಶಸ್ತ್ರವೈದ್ಯರು ಮೊದಲಾದವರನ್ನು ಮಾತನಾಡಿಸಿ 1975ರಲ್ಲಿ ಒಂದು ಗ್ರಂಥ ಬರೆದರು. ಕೆಲಸದ ಕಷ್ಟವೂ ಮಾಡುವವನ ಕೌಶಲವೂ ಸರಿತೂಗಿದಾಗ ಮನುಷ್ಯ ಹೊತ್ತು ಹೋದುದನ್ನೇ ಮರೆತು ತಲ್ಲೀನನಾಗುತ್ತಾನೆ. ಕಷ್ಟ ಹೆಚ್ಚಾದರೆ ಕಳವಳ, ಕಡಮೆಯಾದರೆ ಬೇಸರ. ಇದು ಅವರ ಸಿದ್ಧಾಂತದ ತಿರುಳು. ಒಂದೇ ಆಟ ಒಬ್ಬನಿಗೆ ತಪಸ್ಸಾಗಿ ಇನ್ನೊಬ್ಬನಿಗೆ ಶಿಕ್ಷೆಯಾಗುವುದು ಇದರಿಂದಲೇ.

ನನ್ನ ಅಳಿಯನಿಗೆ ಪ್ರಿಯವಾದ ಆಟ ‘ಎಲ್ಡೆನ್ ರಿಂಗ್’. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯದು. ನಿರ್ದೇಶಕರು ಹಿದೆತಾಕ ಮಿಯಾಝಾಕಿ. 2022ರ ಫೆಬ್ರವರಿಯಲ್ಲಿ ಹೊರಬಂದು ಒಂದೇ ವರ್ಷದಲ್ಲಿ 2 ಕೋಟಿ ಪ್ರತಿಗಳನ್ನು ದಾಟಿತು. ಆಟದ ಮೊದಲ ಬಯಲಿನಲ್ಲೇ ಚಿನ್ನದ ಕವಚ ತೊಟ್ಟ ಕುದುರೆ ಸವಾರನೊಬ್ಬ ಅಡ್ಡಾಡುತ್ತಿರುತ್ತಾನೆ. ನಾನು ಅವನೊಡನೆ ಹತ್ತೊಂಬತ್ತು ಸಲ ಹೋರಾಡಿ ಹತ್ತೊಂಬತ್ತು ಸಲವೂ ಸತ್ತೆ. ಸತ್ತಾಗ ಗಳಿಸಿದ್ದೆಲ್ಲ ಅಲ್ಲೇ ಬಿದ್ದಿರುತ್ತದೆ. ಮತ್ತೆ ಅಲ್ಲಿಗೆ ಹೋಗಿ ಆರಿಸಿಕೊಳ್ಳಬೇಕು. ಹೋಗುವ ಮುನ್ನ ಇನ್ನೊಮ್ಮೆ ಸತ್ತರೆ ಅದೂ ಹೋಯಿತು. ಅಳಿಯ ಬಹಳ ವಿನಯದಿಂದ, “ಮಾವ, ಅವನನ್ನ ಈಗ ಹೊಡೀಬೇಕಾಗಿಲ್ಲ. ಬಳಸ್ಕೊಂಡು ಹೋಗಿ, ಬಲ ಬಂದ ಮೇಲೆ ವಾಪಸ್ಸು ಬನ್ನಿ” ಎಂದರು. ಪ್ರಶ್ನೆಪತ್ರಿಕೆಯ ಮೊದಲ ಪ್ರಶ್ನೆಯನ್ನು ಮೊದಲು ಬಿಡಿಸಬೇಕೆಂಬ ನನ್ನ ಮೇಷ್ಟರ ಅಭ್ಯಾಸ ಅಲ್ಲಿ ನನಗೆ ಮುಳುವಾಯಿತು. ಆಟ ನನಗೆ ದಾರಿಯನ್ನು ಮುಚ್ಚಿರಲಿಲ್ಲ. ಬಿಟ್ಟುಕೊಟ್ಟು ನಡೆಯುವುದನ್ನು ಕಲಿಸುತ್ತಿತ್ತು.

ಇಂಥ ಆಟಗಳಲ್ಲಿ ಸುಲಭದ ದಾರಿಯೊಂದು ಇರಬೇಕೆ, ಬೇಡವೆ ಎಂಬ ವಾದ ಇದೇ ಸಂಸ್ಥೆಯ ‘ಸೆಕಿರೊ’ 2019ರಲ್ಲಿ ಬಂದಾಗ ಜೋರಾಗಿ ನಡೆಯಿತು. ಕಷ್ಟವೇ ಅದರ ರಸ, ಅದನ್ನು ತೆಗೆದರೆ ಉಪ್ಪು ತೆಗೆದ ಸಾರಾದೀತು ಎಂದು ಒಂದು ಪಕ್ಷ. ಹಣ ಕೊಟ್ಟು ಕೊಂಡವನಿಗೆ ಬಾಗಿಲು ತೆರೆಯದ ಮನೆ ಯಾತಕ್ಕೆ ಎಂದು ಇನ್ನೊಂದು ಪಕ್ಷ. 2018ರ ‘ಸೆಲೆಸ್ಟ್’ ಎಂಬ ಬೆಟ್ಟ ಹತ್ತುವ ಆಟದವರು ನಡುದಾರಿ ಹಿಡಿದಿದ್ದರು. ಅದೂ ಬಹಳ ಕಷ್ಟದ ಆಟ. ಆದರೆ ಬೇಕಾದವರು ಆಟದ ವೇಗವನ್ನು ತಗ್ಗಿಸಿಕೊಳ್ಳಬಹುದು, ಹತ್ತುವವಳಿಗೆ ಆಯಾಸವೇ ಆಗದಂತೆ ಮಾಡಿಕೊಳ್ಳಬಹುದು. ಬೇಡವೆನ್ನುವವರ ಬೆಟ್ಟ ಅದರಿಂದ ಒಂದಂಗುಲವೂ ಕುಗ್ಗುವುದಿಲ್ಲ. ನನಗೆ ಇದು ಒಪ್ಪಿಗೆಯಾದ ಮಾತು.

ನಾಲ್ಕನೆಯದು ಬಿಡುವು. ಪೋಲೆಂಡಿನ ಲೇಖಕ ಆಂದ್ರೆ ಸಪ್ಕೋವ್‌ಸ್ಕಿ ಅವರ ಕಥೆಗಳ ಲೋಕವನ್ನು ಆಧರಿಸಿ ಆ ದೇಶದವರೇ 2015ರಲ್ಲಿ ಹೊರತಂದ ‘ವಿಚರ್ 3’ 5 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಆಟ. ಅದರ ಮುಖ್ಯ ಕಥೆಯನ್ನು ಮುಗಿಸಲು ಸುಮಾರು 50 ಗಂಟೆ ಬೇಕು. ಉಪಕಥೆಗಳನ್ನೂ ಹಿಡಿದರೆ 100 ಗಂಟೆಯನ್ನೂ ಮೀರುತ್ತದೆ. 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ ಎಂಬ ಅಮೆರಿಕದ ಕುದುರೆ ಸವಾರರ ಕಥೆಯಲ್ಲಿ ಕುದುರೆಗೆ ಮೇವು ಹಾಕಬೇಕು, ಮೈಯುಜ್ಜಬೇಕು. ಬೇಟೆಯ ಮೃಗದ ಚರ್ಮ ಸುಲಿಯುವುದನ್ನೂ ಪ್ರತಿ ಸಲ ನಿಧಾನವಾಗಿ ತೋರಿಸುತ್ತಾರೆ. ಬಿಡುವಿದ್ದವರಿಗೆ ಆ ನಿಧಾನವೇ ಸೊಗಸು. ರಾತ್ರಿ ಊಟವಾಗಿ, ಮಕ್ಕಳು ಮಲಗಿದ ಮೇಲೆ ನಲವತ್ತು ನಿಮಿಷ ಉಳಿಸಿಕೊಂಡ ಗೃಹಸ್ಥನಿಗೆ ಅಷ್ಟರಲ್ಲಿ ಕುದುರೆಯ ಮೈ ಉಜ್ಜುವುದೇ ಮುಗಿದಿರುತ್ತದೆ. ವಾರ ಬಿಟ್ಟು ಮತ್ತೆ ಕುಳಿತರೆ ಯಾವ ಗುಂಡಿ ಏತಕ್ಕೆಂಬುದೂ ಮರೆತಿರುತ್ತದೆ, ಕಥೆಯಲ್ಲಿ ಯಾರು ಯಾರ ಶತ್ರುವೆಂಬುದೂ ಮರೆತಿರುತ್ತದೆ. ಅವನು “ಈ ಆಟ ನನಗೆ ಹಿಡಿಸಲಿಲ್ಲ” ಎನ್ನುತ್ತಾನೆ. ವಾಸ್ತವದಲ್ಲಿ ಅವನು ಆಟವನ್ನು ಕಂಡೇ ಇಲ್ಲ. ಇದಕ್ಕೆ ಕಾಯುವುದೊಂದೇ ದಾರಿ. ದೊಡ್ಡ ಕಾದಂಬರಿಯನ್ನು ರಜೆಗೆಂದು ಎತ್ತಿಡುವುದಿಲ್ಲವೆ? ಹಾಗೆ.

ಐದನೆಯದು ರುಚಿ. ದೇಹಕ್ಕೆ ಒಗ್ಗಿತು, ಕೈಗೆ ಹತ್ತಿತು, ಕಷ್ಟ ಹದವಾಗಿದೆ, ಬಿಡುವೂ ಇದೆ. ಆದರೂ ಮನಸ್ಸು ಒಲ್ಲೆನೆನ್ನುತ್ತದೆ. ಇಂಗ್ಲೆಂಡಿನ ರಿಚರ್ಡ್ ಬಾರ್ಟ್ಲ್ ಅವರು 1978ರಷ್ಟು ಹಿಂದೆಯೇ ರಾಯ್ ಟ್ರಬ್‌ಷಾ ಅವರ ಜತೆಗೂಡಿ, ಅನೇಕರು ಒಟ್ಟಿಗೆ ಆಡುವ ಕಂಪ್ಯೂಟರ್ ಆಟವೊಂದನ್ನು ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ಕಟ್ಟಿದವರು. ಅಂಥ ಆಟಗಳನ್ನು ಆಡುವವರನ್ನು 1996ರ ಲೇಖನವೊಂದರಲ್ಲಿ ಅವರು ಇಸ್ಪೀಟಿನ ನಾಲ್ಕು ಬಣ್ಣಗಳಿಗೆ ಹೋಲಿಸಿದರು. ಗುರಿಗಳನ್ನೂ ಗಳಿಕೆಯನ್ನೂ ಬಯಸುವವರು ಡೈಮಂಡು; ಮೂಲೆಮೂಲೆಯನ್ನು ಅಗೆದು ನೋಡುವವರು ಇಸ್ಪೇಟು; ಮಾತು, ಸ್ನೇಹಗಳಿಗಾಗಿ ಬರುವವರು ಆಟಿನ್; ಇತರರ ಮೇಲೆ ಕೈಮಾಡಿ ಮೆರೆಯಬಯಸುವವರು ಕಳಾವರ್. ಎಲ್ಲರೂ ಕುಳಿತಿರುವುದು ಒಂದೇ ಆಟದಲ್ಲಿ. ಒಬ್ಬೊಬ್ಬರು ಬಂದದ್ದು ಒಂದೊಂದಕ್ಕಾಗಿ. ಆಟಿನ್ ಮನಸ್ಸಿನವನನ್ನು ಕಳಾವರದವರ ಕಣದಲ್ಲಿ ತಂದು ನಿಲ್ಲಿಸಿದರೆ ಅವನು ಏನನ್ನು ಮೆಚ್ಚಿಯಾನು?

ಇಲ್ಲಿ ಮದ್ದಿಲ್ಲ, ಬೇಕಾಗಿಯೂ ಇಲ್ಲ. ನನ್ನ ಮೊಮ್ಮಗ ಹಾಗಲಕಾಯಿ ಗೊಜ್ಜನ್ನು ಎಲೆಯ ಅಂಚಿಗೆ ಸರಿಸುತ್ತಾನೆ. ಅಡಿಗೆ ಕೆಟ್ಟಿತೆಂದು ಯಾರೂ ಹೇಳುವುದಿಲ್ಲ, ಹುಡುಗ ಕೆಟ್ಟನೆಂದೂ ಹೇಳುವುದಿಲ್ಲ.

ಆದರೂ ಆಟದ ವಿಷಯದಲ್ಲಿ ಮನಸ್ಸು ನೋಯುವುದೇಕೆ? ಹೊಗಳಿಕೆ ಬಹಳವಾದಾಗ ಅದು ಸಾಲದ ಹಾಗೆ ತಲೆಯ ಮೇಲೆ ಕೂರುತ್ತದೆ, ಮೆಚ್ಚಿ ತೀರಿಸಬೇಕೆನಿಸುತ್ತದೆ. ಕೊಟ್ಟ ಹಣವೂ ಕಾಡುತ್ತದೆ. ಸ್ಟೀಮ್ ಎಂಬ ಆಟಗಳ ಅಂಗಡಿಯಲ್ಲಿ 2015ರಿಂದ ಒಂದು ನಿಯಮವಿದೆ: ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಮೆ ಆಡಿದ್ದರೆ, ಆಟವನ್ನು ಹಿಂತಿರುಗಿಸಿ ಹಣ ಪಡೆಯಬಹುದು. ಹಣದ ನೋವಿಗೆ ಅಷ್ಟು ಸಾಕು. ಇನ್ನೊಂದು ನೋವಿಗೆ ಅಂಗಡಿಯಲ್ಲಿ ಪರಿಹಾರವಿಲ್ಲ. ನಮಗೆ ಬೇಕಾದವರೊಬ್ಬರು ತಮ್ಮ ಸಂತೋಷವನ್ನು ತಂದು ನಮ್ಮ ಕೈಯಲ್ಲಿಟ್ಟಿರುತ್ತಾರೆ. ಆಟ ಹಿಡಿಸಲಿಲ್ಲವೆಂದರೆ ತಮ್ಮನ್ನೇ ಬೇಡವೆಂದಂತೆ ಅವರಿಗೆ ಕೇಳಿಸುತ್ತದೆ. ಹಿತ್ತಿಲಲ್ಲಿ ಹುಡುಗ ನನ್ನನ್ನು ಕೇಳಿದ ಪ್ರಶ್ನೆ ಅದೇ ಆಗಿತ್ತು. “ಇಲ್ಲ ಮರಿ” ಎಂದಷ್ಟೇ ಹೇಳಿ ಸುಮ್ಮನಾದದ್ದು ನನ್ನ ತಪ್ಪು. ತಲೆ ಸುತ್ತಿತೆಂದು ಹೇಳಲು ಮುದುಕನಿಗೆ ನಾಚಿಕೆ!

ನಾಲ್ಕನೆಯ ದಿನ ಕಾಫಿ ಕುಡಿಯುವಾಗ ಅವನಿಗೆ ಒಳಕಿವಿಯ ಪಾಠ ಹೇಳಿದೆ. ಆಗುಂಬೆಯ ಬಸ್ಸಿನ ಉದಾಹರಣೆಯೂ ಆಯಿತು. ಅವನ ಮುಖ ಅರಳಿತು. “ಹಾಗಾದ್ರೆ ನಿಂಗೆ ಬೋರಾಗಿರ್ಲಿಲ್ಲ!” ಎಂದು ಎದ್ದವನೇ ಸೆಟ್ಟಿಂಗುಗಳನ್ನೆಲ್ಲ ತೆರೆದು ಕುಳಿತ. ಕುಲುಕಾಟ ನಿಂತಿತು, ನೋಟ ಅಗಲವಾಯಿತು, ನನ್ನ ಕುರ್ಚಿ ಬಾಗಿಲಿನವರೆಗೆ ಹಿಂದೆ ಸರಿಯಿತು. ಅಂದು ಇಪ್ಪತ್ತೈದು ನಿಮಿಷ ನಡೆದೆ. ಇಂದಿಗೂ ನನ್ನ ಮಿತಿ ಅಷ್ಟೆ.

ಅಳಿಯನ ಆಟ ಮಾತ್ರ ನನಗೆ ಒಗ್ಗಲಿಲ್ಲ. ದಾರಿ ಬಳಸಿ ಹೋಗಿ ನೋಡಿದೆ, ತಿಂಗಳುಗಟ್ಟಲೆ ಬಿಡುವೂ ಇತ್ತು. ಸಾಯುತ್ತ ಸಾಯುತ್ತ ಕಲಿಯುವುದರಲ್ಲಿ ನನ್ನ ಮನಸ್ಸಿಗೆ ರಸವಿಲ್ಲ. ಮೊನ್ನೆ ದಸರೆ ರಜೆಗೆ ಬಂದಾಗ ಅವರು, “ಇನ್ನೊಂದು ಹತ್ತು ಗಂಟೆ ಆಡಿ ನೋಡಿ ಮಾವ, ಆಮೇಲೆ ರುಚಿ ಹತ್ತುತ್ತೆ” ಎಂದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗ, “ಬಿಡಪ್ಪ, ತಾತಂಗೆ ಅದು ಹಾಗಲಕಾಯಿ” ಎಂದುಬಿಟ್ಟ. ಅಳಿಯನೂ ನಕ್ಕರು. ಆ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಹುಡುಗ ನನ್ನನ್ನು ತನ್ನ ಊರಿಗೆ ಕರೆದುಕೊಂಡು ಹೋದ. ಕೆರೆಯ ಏರಿಯ ಮೇಲೆ, ಬೇಸಗೆಯಲ್ಲಿ ಇಲ್ಲದಿದ್ದ ಕಲ್ಲಿನ ಜಗಲಿಯೊಂದು ಎದ್ದಿತ್ತು. ಏನಿದು ಎಂದೆ. “ಇಪ್ಪತ್ತೈದು ನಿಮಿಷ ಆದ್ಮೇಲೆ ನೀನು ಕೂರೋಕೆ. ಇಲ್ಲಿಂದ ಏನೂ ಅಲ್ಲಾಡಲ್ಲ ತಾತ” ಎಂದ.